ಅಪ್ಪನ ಪುಟ

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳಿಗೆ ಡೈಲಾಗಮ್ಮ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಇಟ್ಟ ಹೆಸರು ಮಾತ್ರ ಅಂಟಿಕೊಂಡುಬಿಟ್ಟಿತು. ಪರದೇಶದ ಕಾರ್ಟೂನಿನಲ್ಲಿ ಒಂದು ಬೆಕ್ಕು ಎರಡು ಸಲ ಬಾಯಿ ತೆರೆದು ಒಂದು ಸಲ ಹಲ್ಲು ಕಿರಿದರೆ, ಅಷ್ಟಕ್ಕೇ ಸರಿಯಾಗಿ ಕೂರುವ, ಮಕ್ಕಳು ಬಿದ್ದು ಬಿದ್ದು ನಗುವ ಮಾತನ್ನು ಅವಳು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಹೇಳಿಬಿಡುತ್ತಿದ್ದಳು. ಆ ಮಾತುಗಳು ಶಾಲೆಯ ಅಂಗಳಕ್ಕೆ ಹೋಗಿ ಮಕ್ಕಳ ಬಾಯಲ್ಲಿ ಕುಣಿಯುತ್ತಿದ್ದವು. ಬರೆದವರು ಯಾರೆಂದು ಮಕ್ಕಳಿಗೇನು ಗೊತ್ತು! ಮನೆಯಲ್ಲೂ ಅಷ್ಟೆ, ಅರಳು ಹುರಿದಂತೆ ಮಾತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಗಂಡ, "ಕೆಲಸದಲ್ಲಿ ನನಗೊಂದು ಸುಖ ಇದೆ. ಉಸಿರು ಹಿಡ್ಕೊಳ್ಳಿ ಅಂದ್ರೆ ಎಲ್ರೂ ಬಾಯಿ ಮುಚ್ಕೋತಾರೆ. ಮನೇಲಿ ಆ ಭಾಗ್ಯ ಇಲ್ಲ" ಎಂದು ಛೇಡಿಸುತ್ತಿದ್ದ.

ಇಂಥವಳ ಅಪ್ಪನಿಗೆ ಮಾತೇ ಹೊರಡುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಮೂಗರೇನಲ್ಲ. ಉಗ್ಗು. ಮೊದಲ ಅಕ್ಷರದಲ್ಲೇ ಗಾಡಿ ಹೂತುಕೊಂಡುಬಿಡುತ್ತಿತ್ತು. ಅದಕ್ಕೆಂದೇ ಅವರು ಹುಡುಕಿಕೊಂಡ ಕೆಲಸವೂ ಅಂಥದ್ದೇ, ದೊಡ್ಡದೊಂದು ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುವುದು. ಮಾತಾಡಬೇಕಾದವರು ಒಳಗೆ ಬಂದವರು. ಅಪ್ಪ ಗುಂಡಿ ಒತ್ತಿದರೆ ಮುಗಿಯಿತು. ಲಿಫ್ಟಿನ ಹೊರಗೆ ಮಾತ್ರ ಕಷ್ಟ. ಎದುರಿಗಿದ್ದವರಿಗೆ ತಾಳ್ಮೆ ಎಲ್ಲಿದೆ? ಅಪ್ಪನ ಮಾತನ್ನು ಅಂಗಡಿಯವನು ಮುಗಿಸುತ್ತಿದ್ದ, ಪಕ್ಕದ ಮನೆಯವರು ಮುಗಿಸುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಮುಗಿಸುತ್ತಿದ್ದವಳು ಮಗಳು. ಅಪ್ಪ "ಸ್... ಸ್..." ಎನ್ನುವಷ್ಟರಲ್ಲಿ "ಸಕ್ಕರೆ ಅರ್ಧ ಕೆಜಿ!" ಎಂದು ಕೂಗಿ ಆಗಿರುತ್ತಿತ್ತು. ಅವರಿಗೆ ಬೇಕಾದದ್ದು ಸೋಪು. ಆದರೂ ಅಪ್ಪ ತಲೆಯಾಡಿಸಿ ಸಕ್ಕರೆಯನ್ನೇ ಕಟ್ಟಿಸಿಕೊಂಡು ಬರುತ್ತಿದ್ದರು. ಅವಳ ಕಸುಬು ಶುರುವಾದದ್ದು ಅಲ್ಲಿಂದಲೇ ಅನ್ನಬೇಕು. ಬಾಯಿ ತೆರೆದಿದೆ, ಮಾತಿಲ್ಲ, ಅದಕ್ಕೊಂದು ಮಾತು ಕೂರಿಸಬೇಕು. ಡಬ್ಬಿಂಗ್ ಎಂದರೆ ಇನ್ನೇನು?

ಆ ಮನೆಯಲ್ಲಿ ಜೋಲಣ್ಣನ ಪುಸ್ತಕಗಳಿದ್ದವು. ಆ ಕಾಲದಲ್ಲಿ ಯಾವ ಮನೆಯಲ್ಲಿರಲಿಲ್ಲ ಹೇಳಿ. ಜೋಲಣ್ಣ ಎಂದರೆ ಒಂದು ಕತ್ತೆಮರಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಪ್ರತಿ ಪುಸ್ತಕದಲ್ಲೂ ಅವನು ಏನಾದರೊಂದು ಮಾಡಲು ಹೊರಡುತ್ತಾನೆ, ಓಟದಲ್ಲಿ ಗೆಲ್ಲುತ್ತೇನೆ ಅನ್ನುತ್ತಾನೆ, ಸೇತುವೆ ಕಟ್ಟುತ್ತೇನೆ ಅನ್ನುತ್ತಾನೆ, ಕೊನೆಗೆ ಎಲ್ಲ ಎಡವಟ್ಟಾಗುತ್ತದೆ. ಆಮೇಲೆ ಕೊನೆಯ ಪುಟದ ಹಿಂದಿನ ಪುಟ ಬರುತ್ತದೆ. ಅದರಲ್ಲಿ ಒಂದಕ್ಷರವೂ ಇಲ್ಲ. ಜೋಲಣ್ಣ ಒಂದು ಮೋಟುಗೋಡೆಯ ಪಕ್ಕ ಸುಮ್ಮನೆ ಕೂತಿರುತ್ತಾನೆ, ಅಷ್ಟೆ. ಕೊನೆಯ ಪುಟದಲ್ಲಿ ಎದ್ದು ಮನೆಗೆ ಹೋಗುತ್ತಾನೆ.

ಅಮ್ಮ ಕಥೆ ಓದುವುದರಲ್ಲಿ ಎತ್ತಿದ ಕೈ. ಕತ್ತೆಗೊಂದು ದನಿ, ಕಪ್ಪೆಗೊಂದು ದನಿ ಮಾಡಿ, ಸಂಜೆ ದೀಪ ಹಾಕಿದ ಮೇಲೆ ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಓದುತ್ತಿದ್ದರು. ಮಾತಿಲ್ಲದ ಪುಟ ಬಂದ ಕೂಡಲೇ ಓದು ನಿಲ್ಲಿಸಿ ಪುಸ್ತಕವನ್ನು ಅಪ್ಪನ ಕಡೆ ಚಾಚುತ್ತಿದ್ದರು. "ತಗೊಳ್ಳಿ, ನಿಮ್ಮ ಪುಟ ಬಂತು." ಅಪ್ಪ ಕೈ ಒರೆಸಿಕೊಂಡು ಬಂದು, ಮಗಳನ್ನೂ ಪುಸ್ತಕವನ್ನೂ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಎಲ್ಲರ ಮುಂದೆಯೂ ತಡವರಿಸುವ ಮನುಷ್ಯ ಆ ಒಂದು ಪುಟವನ್ನು ಮಾತ್ರ ತಡವರಿಸದೆ ಓದುತ್ತಿದ್ದರು ಎಂದರೆ ತಪ್ಪಿಲ್ಲ. ಅಮ್ಮ ಹೋಗಿ ವರ್ಷಗಳಾದವು. ಅಪ್ಪ ಈಗ ಮಗಳ ಮನೆಯಲ್ಲೇ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಇದ್ದಾರೆ.

ಹೀಗಿರುವಾಗ ಒಂದು ದಿನ, ಸದಾ ಟೋಪಿ ಹಾಕಿಕೊಂಡೇ ಇರುವುದರಿಂದ ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವ ನಿರ್ದೇಶಕ ಅವಳನ್ನು ಕರೆಸಿದ. ವಯಸ್ಸಿನಲ್ಲಿ ಅವಳಿಗಿಂತ ಬಹಳ ಚಿಕ್ಕವನು; ಸ್ಟುಡಿಯೋದ ಹುಡುಗ ಹುಡುಗಿಯರಿಗೆಲ್ಲ ಅವಳು ಚಿಕ್ಕಮ್ಮ.

"ಚಿಕ್ಕಮ್ಮ, ಜೋಲಣ್ಣನ್ನ ಟಿವಿಗೆ ತರ್ತಾ ಇದ್ದೀವಿ. ಕಾರ್ಟೂನ್ ಸರಣಿ. ಚಿತ್ರಕಥೆ ನೀವೇ ಬರೀಬೇಕು."

ಅವಳು ಕೂತಿದ್ದ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಷ್ಟು ವರ್ಷ ಬೇರೆಯವರು ಬಿಡಿಸಿದ ಬಾಯಿಗಳಿಗೆ ಮಾತು ತುಂಬಿದ್ದಾಯಿತು. ಈಗ ಬಾಯಿ ತೆರೆಯಬೇಕೋ ಬೇಡವೋ ಎನ್ನುವುದನ್ನೂ ಅವಳೇ ಹೇಳಬೇಕು. ಅದೂ ಜೋಲಣ್ಣನಿಗೆ!

"ಆದ್ರೆ ಒಂದು ಮಾತು," ಎಂದ ಕ್ಯಾಪ್ಟನ್, "ಪುಸ್ತಕದಜ್ಜಿ ಒಂದು ಷರತ್ತು ಹಾಕಿದ್ದಾರೆ."

ಪುಸ್ತಕದಜ್ಜಿ ಎಂದರೆ ಜೋಲಣ್ಣನನ್ನು ಬರೆದು ಬಿಡಿಸಿದವರು. ವಯಸ್ಸು ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಇನ್ನೂ ಮುಪ್ಪು ಬಂದಿಲ್ಲ. ಹಿಂದೊಮ್ಮೆ ಯಾರೋ ಜೋಲಣ್ಣನಿಗೆ ಚಡ್ಡಿ ತೊಡಿಸಿ ಕುಣಿಸಿದ ಚಿತ್ರ ತೋರಿಸಿದ್ದರಂತೆ. ಅಜ್ಜಿ ಕೋಲೂರಿಕೊಂಡು ಎದ್ದು, "ಇದು ನನ್ನ ಕತ್ತೆ ಅಲ್ಲ, ನಿಮ್ಮನೇದು" ಎಂದು ಹೇಳಿ ಹೊರಟೇಹೋದರಂತೆ. ಈ ಸಲದ ಷರತ್ತು ಸರಳ. ಮೊದಲ ಕಂತನ್ನು ಅವರು ನೋಡುತ್ತಾರೆ. ಸರಿ ಎಂದರೆ ಎಲ್ಲ ಪುಸ್ತಕಗಳನ್ನೂ ಕೊಡುತ್ತಾರೆ. ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಜೋಲಣ್ಣನನ್ನು ಇನ್ನು ಯಾರಿಗೂ ಕೊಡುವುದಿಲ್ಲ. ಸ್ಟುಡಿಯೋದಲ್ಲಿ ಆ ಹೊತ್ತಿಗೆ ಬೇರೆ ಕೆಲಸವೂ ಇರಲಿಲ್ಲ. ಬಿಡಿಸುವವರು, ಬಣ್ಣ ತುಂಬುವವರು, ಎಲ್ಲರ ಕೆಲಸವೂ ಅಜ್ಜಿಯ ಒಂದು ಮಾತಿನ ಮೇಲೆ ನಿಂತಿತ್ತು.

ಅವಳು ಬರೆದಳು. ಆಹಾ, ಹೇಗೆ ಬರೆದಳು! ಅಡುಗೆಮನೆಯ ಮೇಜಿನ ಮುಂದೆ ಕೂತು, ಕತ್ತೆಯಾಗಿ ಅರಚಿ, ಕಪ್ಪೆಯಾಗಿ ವಟಗುಟ್ಟಿ, ಗಂಡನಿಂದ ಬೈಸಿಕೊಂಡು ಬರೆದಳು. ಸೇತುವೆ ಕಟ್ಟುವ ಕಥೆ ಅದು. ಸೇತುವೆ ಬಿದ್ದದ್ದಾಯಿತು, ಎಲ್ಲರೂ ನಕ್ಕದ್ದಾಯಿತು, ಮೋಟುಗೋಡೆಯ ಪುಟ ಬಂತು. ಅಲ್ಲಿ ಅವಳು ಬಹಳ ಭಕ್ತಿಯಿಂದ ಒಂದೇ ಸಾಲು ಬರೆದಳು: ಜೋಲಣ್ಣ ಗೋಡೆಯ ಪಕ್ಕ ಸುಮ್ಮನೆ ಕೂತಿದ್ದಾನೆ. ಪುಸ್ತಕದಲ್ಲಿ ಮಾತಿಲ್ಲ, ತಾನೂ ಬರೆಯಬಾರದು ಎಂಬುದು ಅವಳ ಲೆಕ್ಕ.

ಕೆಲವು ವಾರಗಳ ಮೇಲೆ ಕಚ್ಚಾ ಪ್ರತಿ ನೋಡಲು ಎಲ್ಲರೂ ಸೇರಿದರು. ಕಚ್ಚಾ ಪ್ರತಿ ಎಂದರೆ ಬಣ್ಣವಿಲ್ಲ, ಅಲುಗಾಟವಿಲ್ಲ. ಪೆನ್ಸಿಲ್ಲಿನಲ್ಲಿ ಬಿಡಿಸಿದ ಚಿತ್ರಗಳನ್ನು ಹೊತ್ತಿಗೆ ಸರಿಯಾಗಿ ಒಂದಾದ ಮೇಲೊಂದು ತೋರಿಸುವುದು. ಬಿಡಿಸಿದವಳು ಕೂದಲಿಗೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವ ಒಬ್ಬ ಹುಡುಗಿ; ಹೆಸರೂ ಪೆನ್ಸಿಲ್ ಎಂದೇ ಆಗಿತ್ತು. ಸೇತುವೆ ಬಿತ್ತು, ಎಲ್ಲರೂ ನಕ್ಕರು. ಗೋಡೆ ಬಂತು. ಜೋಲಣ್ಣ ಕೂತ. ಅಷ್ಟರಲ್ಲಿ ಗೋಡೆಯ ಮೇಲಿನಿಂದ ಒಂದು ಕಪ್ಪೆ ಜಾರಿ ಅವನ ತಲೆಯ ಮೇಲೆ ದೊಪ್ಪನೆ ಬಿದ್ದು, ಜೋಲಣ್ಣ ಎದ್ದು ಮನೆಗೆ ಓಡಿದ. ಮತ್ತೆ ನಗು. ಇಡೀ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗಿತ್ತು.

ಅವಳು ಕುರ್ಚಿಯಿಂದ ಎದ್ದುಬಿಟ್ಟಳು.

"ಆ ಕಪ್ಪೆ ಎಲ್ಲಿಂದ ಬಂತು?" ಎಂದಳು. ದನಿಯಲ್ಲಿ ಸಿಟ್ಟು ಕುದಿಯುತ್ತಿತ್ತು.

ಪೆನ್ಸಿಲ್ ಬೆಪ್ಪಾಗಿ ನೋಡಿದಳು. "ಚಿಕ್ಕಮ್ಮ, ನೀವು ಒಂದೇ ಸಾಲು ಬರೆದಿದ್ರಿ. ಒಂದು ಸಾಲಿಗೆ ಎರಡು ಮೂರು ಸೆಕೆಂಡ್ ಅಲ್ವಾ? ಅದರ ಕೆಳಗೆ ಖಾಲಿ ಇತ್ತು. ಬರೆಯೋದು ಮರೆತಿದ್ದೀರೇನೋ, ಒಂದು ತಮಾಷೆ ಹಾಕಿಕೊಡೋಣ ಅಂತ..."

"ಮರೆತಿಲ್ಲ ಮಾರಾಯ್ತಿ! ಖಾಲಿ ಇರ್ಲಿ ಅಂತಲೇ ಬಿಟ್ಟಿದ್ದು!"

"ಖಾಲಿ ಬಿಟ್ರೆ ನಾನು ಏನನ್ನ ಬಿಡಿಸ್ಲಿ?" ಎಂದಳು ಪೆನ್ಸಿಲ್. ಕೊಂಕೇನೂ ಇರಲಿಲ್ಲ, ನಿಜವಾಗಿಯೇ ಕೇಳಿದ್ದಳು.

ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ಈ ಕಸುಬಿನಲ್ಲಿ ಒಂದು ಪುಟ ಬರೆದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಒಂದು ಸಾಲು ಬರೆದರೆ ಒಂದು ಕ್ಷಣ. ಪುಸ್ತಕದಲ್ಲಾದರೆ ಮಗು ಆ ಪುಟದ ಮೇಲೆ ಬೇಕಾದಷ್ಟು ಹೊತ್ತು ಕೂರಬಹುದು. ತೆರೆಯ ಮೇಲಿನ ಹೊತ್ತು ಬರೆದವಳ ಕೈಯಲ್ಲಿರುತ್ತದೆ, ಬರೆಯದಿದ್ದರೆ ಅದು ಇಲ್ಲವೇ ಇಲ್ಲ. ಅಪ್ಪನ ಪುಟವನ್ನು ಕಪ್ಪೆ ಹಾಳುಮಾಡಿರಲಿಲ್ಲ, ಅವಳ ಆ ಒಂದು ಸಾಲಿನ ಭಕ್ತಿ ಹಾಳುಮಾಡಿತ್ತು.

"ಕಪ್ಪೆ ಇರ್ಲಿ ಬಿಡಿ ಚಿಕ್ಕಮ್ಮ," ಎಂದ ಕ್ಯಾಪ್ಟನ್. "ಚೆನ್ನಾಗೇ ಇದೆ. ಸುಮ್ನೆ ಕೂತಿರೋ ಕತ್ತೇನ ಯಾವ ಮಗು ನೋಡತ್ತೆ?"

"ನಾನು ನೋಡಿದ್ದೆ," ಎಂದಳು ಅವಳು. "ಕೆಲವು ದಿನ ಟೈಮ್ ಕೊಡು. ಬೇರೆ ಬರೀತೀನಿ."

ಕ್ಯಾಪ್ಟನ್ ಕೊಟ್ಟ. ಒಳ್ಳೆಯ ಹುಡುಗ ಪಾಪ, ತಲೆ ಕೆರೆದುಕೊಳ್ಳುತ್ತಲೇ ಕೊಟ್ಟ.

ಮನೆಗೆ ಬಂದು ಬರೆಯಲು ಕೂತವಳು ಏನು ಬರೆದಾಳು? ಮಾತನ್ನೇ ಬರೆದಳು. ಕೈಗೆ ಬರುತ್ತಿದ್ದದ್ದು ಅದೊಂದೇ. ಜೋಲಣ್ಣ ಗೋಡೆಯ ಜೊತೆ ತನ್ನ ದುಃಖ ಹೇಳಿಕೊಳ್ಳುವಂತೆ ಬರೆದಳು. ಹೊಡೆದುಹಾಕಿ, ಅವನ ಮನಸ್ಸಿನ ಮಾತು ಹಿನ್ನೆಲೆಯಲ್ಲಿ ಕೇಳುವಂತೆ ಬರೆದಳು. ಅದನ್ನೂ ಹೊಡೆದುಹಾಕಿ ಒಂದು ಪುಟ್ಟ ಹಾಡು ಕಟ್ಟಿದಳು. ಮಾತೇನೋ ಒಂದಕ್ಕಿಂತ ಒಂದು ಚೆಂದ. ಭಾನುವಾರ ಮಧ್ಯಾಹ್ನ ಅದನ್ನೆಲ್ಲ ಹಿಡಿದುಕೊಂಡು ಕಿಟಕಿಯ ಕುರ್ಚಿಯ ಹತ್ತಿರ ಹೋದಳು.

"ಅಪ್ಪಾ, ಕೇಳು. ಜೋಲಣ್ಣ ಗೋಡೆ ಹತ್ರ ಕೂತಾಗ ಹೇಳೋ ಮಾತು. ಯಾವುದು ಚೆನ್ನಾಗಿದೆ ಹೇಳು."

ಓದಿದಳು. ದನಿ ಏರಿಸಿ, ಇಳಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ಓದಿದಳು. ಅಪ್ಪ ತಲೆತಗ್ಗಿಸಿ ಪೂರ್ತಿ ಕೇಳಿದರು. ಆಮೇಲೆ ತಲೆಯಾಡಿಸಿದರು, ಅಡ್ಡಡ್ಡಕ್ಕೆ. ಮಗಳು ಬರೆದದ್ದಕ್ಕೆ ಅವರು ಹಾಗೆ ತಲೆಯಾಡಿಸಿದ್ದು ಅವಳ ಜನ್ಮದಲ್ಲಿ ಅದೇ ಮೊದಲು.

"ಯಾಕೆ? ಏನಾಯ್ತು? ದುಃಖ ಜಾಸ್ತಿಯಾಯ್ತಾ? ಹಾಡು ಬೇಡ್ವಾ? ಹೇಳಪ್ಪ, ಏನು?"

ಅಪ್ಪ ಎದ್ದುಹೋಗಿ ಕಪಾಟಿನಿಂದ ಸೇತುವೆ ಕಥೆಯ ಹಳೆಯ ಪುಸ್ತಕ ತಂದರು, ಬೆನ್ನು ಕಿತ್ತುಹೋಗಿ ಟೇಪು ಅಂಟಿಸಿದ್ದ ಪುಸ್ತಕ. ಆ ಪುಟ ತೆರೆದು ಮಗಳ ಕೈಯಲ್ಲಿಟ್ಟು, ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತರು.

ಅವಳು ನೋಡಿದಳು. ಕತ್ತೆ, ಗೋಡೆ. ನೋಡಿಯಾಯಿತು ಎಂದುಕೊಂಡಳು. ಅಪ್ಪ ಅಲುಗಾಡಲಿಲ್ಲ. ಇನ್ನೊಮ್ಮೆ ನೋಡಿದಳು. ಗೋಡೆಯ ಬಿರುಕಿನಲ್ಲಿ ಇರುವೆಗಳ ಸಾಲು ಮೇಲಕ್ಕೆ ಹೋಗುತ್ತಿತ್ತು. ಅರೆ! ದೂರದಲ್ಲಿ ಬಟ್ಟೆ ಒಣಗಿಸಿದ ತಂತಿ, ಅದರ ಮೇಲೆ ಒಂಟಿ ಕಾಲುಚೀಲ. ಇನ್ನೂ ದೂರದಲ್ಲಿ ಒಂದು ಮನೆ, ಕಿಟಕಿಯಲ್ಲಿ ಯಾರದೋ ಕೈ ಪರದೆ ಸರಿಸುತ್ತಿತ್ತು. ನೆಲದ ಮೇಲೆ ಮೋಡದ ನೆರಳು ಜೋಲಣ್ಣನ ಬಾಲದವರೆಗೆ ಬಂದು ನಿಂತಿತ್ತು. ಅಪ್ಪನ ಬೆರಳು ಮೆಲ್ಲಗೆ ಬಂದು ಜೋಲುಕಿವಿಯ ತುದಿಯ ಮೇಲೆ ನಿಂತಿತು. ಅಲ್ಲೊಂದು ಪುಟಾಣಿ ಕೆಂಪು ಹುಳು ಹತ್ತುತ್ತಿತ್ತು. ಜೋಲಣ್ಣ ಕಿವಿ ಕೊಡವಿರಲಿಲ್ಲ. ಹುಳು ಬಿದ್ದುಹೋದೀತು ಎಂದು ಹಾಗೇ ಹಿಡಿದುಕೊಂಡಿದ್ದ.

ಆಗ ಅವಳಿಗೆ ನೆನಪಾಯಿತು. ಚಿಕ್ಕವಳಿದ್ದಾಗ ಈ ಹುಳುವನ್ನು ತಾನೇ ಕಂಡುಹಿಡಿದದ್ದು, ಕಂಡುಹಿಡಿದು ಕಿರುಚಿದ್ದು, ಅಪ್ಪ ಅದನ್ನು ಮೊದಲೇ ನೋಡಿದ್ದರೂ ಈಗ ತಾನೇ ನೋಡಿದವರಂತೆ ಕಣ್ಣರಳಿಸಿದ್ದು, ಎಲ್ಲ. ಈ ಕತ್ತೆಮರಿ ಸೋತು ಕೂತಿದ್ದರೂ ಒಂದು ಹುಳುವಿಗೋಸ್ಕರ ಕಿವಿ ಅಲುಗಿಸದೆ ಕೂತಿದ್ದಾನೆ. ಅಷ್ಟು ಹೊತ್ತು ಕೂತದ್ದರಿಂದಲೇ ಅವನ ದುಃಖ ಕಡಿಮೆಯಾಗಿ, ಕೊನೆಯ ಪುಟದಲ್ಲಿ ಎದ್ದು ಮನೆಗೆ ಹೋಗುತ್ತಾನೆ. ಒಳ್ಳೆ ಹುಚ್ಚಿ ನಾನು, ಇದಕ್ಕೆ ಹಾಡು ಕಟ್ಟಲು ಹೊರಟಿದ್ದೆನಲ್ಲ ಎಂದು ಅವಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು.

ಒಳಗಿನಿಂದ ಬಂದ ಗಂಡ ಬಾಗಿಲಲ್ಲೇ ನಿಂತ. "ಏನು, ಅಪ್ಪ ಮಗಳು ಇಬ್ರೂ ತುಟಿಪಿಟಕ್ಕೆನ್ನದೆ ಕೂತಿದ್ದೀರಿ? ಆಂಬುಲೆನ್ಸ್ ಕರೀಲಾ?"

"ಹೋಗ್ರೀ! ಕೆಲಸ ಮಾಡ್ತಾ ಇದ್ದೀವಿ!" ಎಂದಳು ಅವಳು ಮೂಗು ಒರೆಸಿಕೊಳ್ಳುತ್ತ.

ಅವತ್ತು ಸಂಜೆಯೊಳಗೆ ಬರೆದು ಮುಗಿಸಿದಳು. ಮಾತು ಒಂದೂ ಇಲ್ಲ, ಆದರೆ ಒಂದು ಪುಟದ ತುಂಬ ಬರಹ. ಇರುವೆ ಯಾವಾಗ ಬಿರುಕಿನಿಂದ ಹೊರಬರಬೇಕು, ಕಾಲುಚೀಲ ಗಾಳಿಗೆ ಎಷ್ಟು ತಿರುಗಬೇಕು, ಮೋಡದ ನೆರಳು ಎಷ್ಟು ನಿಧಾನ ಸರಿಯಬೇಕು, ಹುಳು ಕಿವಿಯ ಯಾವ ಜಾಗದಲ್ಲಿ ಸುಸ್ತಾಗಿ ನಿಲ್ಲಬೇಕು, ಎಲ್ಲವನ್ನೂ ಅಪ್ಪನ ಬೆರಳು ಹೋದ ದಾರಿಯಲ್ಲೇ ಬರೆದಳು. ಎಲ್ಲಿ ಅವಸರ ಮಾಡಿದರೂ ಅಪ್ಪ ಅಂಗೈ ತೋರಿಸಿ, ತಡಿ ಎನ್ನುತ್ತಿದ್ದರು. ಸುಮ್ಮನಿರುವುದನ್ನು ಬರೆಯಲು ಇಷ್ಟು ಮಾತು ಬೇಕೆಂದು ಅವಳಿಗೆ ಇಷ್ಟು ವರ್ಷದ ಕಸುಬಿನಲ್ಲಿ ಗೊತ್ತೇ ಇರಲಿಲ್ಲ.

ಪೆನ್ಸಿಲ್ ಅದನ್ನು ಓದಿ, "ಅಯ್ಯೋ ಚಿಕ್ಕಮ್ಮ, ಈಗ ಬಿಡಿಸೋಕೆ ಎಷ್ಟೊಂದಿದೆ!" ಎಂದು ಕೂದಲಿನಿಂದ ಪೆನ್ಸಿಲ್ ಕಿತ್ತು ಆಗಲೇ ಶುರುಮಾಡಿದಳು. ಕ್ಯಾಪ್ಟನ್ನಿಗೆ ಮಾತ್ರ ಅಳುಕು. "ಒಂದು ನಿಮಿಷ ಸದ್ದಿಲ್ಲ, ಮಾತಿಲ್ಲ. ಮಕ್ಕಳು ಎದ್ದುಹೋದ್ರೆ? ಅಜ್ಜಿ ಬೇಡ ಅಂದ್ರೆ? ಎಲ್ರೂ ಬೇರೆ ಕೆಲಸ ಹುಡುಕ್ಕೋಬೇಕಾಗತ್ತೆ."

"ಗೊತ್ತು," ಎಂದಳು. "ನಾನೂ ಹುಡುಕ್ಕೋಬೇಕು. ಆದ್ರೆ ಕಪ್ಪೆ ಇಟ್ಕೊಂಡು ಅಜ್ಜಿ ಮುಂದೆ ನಿಲ್ಲೋಕೆ ನನ್ನಿಂದ ಆಗಲ್ಲಪ್ಪ." ಕ್ಯಾಪ್ಟನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡು, ಆಗಲಿ ಎಂದ. ಅವನು ಅಂದು ಆಗಲಿ ಎಂದದ್ದಕ್ಕೆ ಅವಳು ಇಂದಿಗೂ ಅವನನ್ನು ನೆನೆಯುತ್ತಾಳೆ.

ಕಂತು ಬಣ್ಣ ತುಂಬಿಕೊಂಡು ಸಿದ್ಧವಾಯಿತು. ಸ್ಟುಡಿಯೋದ ಚಿಕ್ಕ ಪರದೆಕೋಣೆಯಲ್ಲಿ ನೋಡುವುದೆಂದಾಯಿತು. ಅಲ್ಲಿ ಕೆಲಸ ಮಾಡುವವರ ಮಕ್ಕಳನ್ನೆಲ್ಲ ಕರೆತಂದು ಮುಂದೆ ಜಮಖಾನದ ಮೇಲೆ ಕೂರಿಸಿದರು. ಅವಳು ಅಪ್ಪನನ್ನು ಕರೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂರಿಸಿ, ತಾನು ಕೂರಲಾರದೆ ಗೋಡೆಗೆ ಒರಗಿ ನಿಂತಳು. ಪುಸ್ತಕದಜ್ಜಿ ಕೋಲೂರಿಕೊಂಡು ಬಂದು, ಯಾರ ನಮಸ್ಕಾರವನ್ನೂ ಸರಿಯಾಗಿ ತೆಗೆದುಕೊಳ್ಳದೆ ನಡುವಿನ ಕುರ್ಚಿಯಲ್ಲಿ ಕೂತರು.

ದೀಪ ಆರಿತು. ಸೇತುವೆ ಬಿತ್ತು, ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆ ಬಂತು. ಜೋಲಣ್ಣ ಕೂತ. ನಗು ನಿಂತಿತು. ಟಿವಿ ಚಾನೆಲ್ಲಿನಿಂದ ಬಂದವರೊಬ್ಬರು ಕುರ್ಚಿಯಲ್ಲಿ ಮಿಸುಕಾಡಿದರು. ಕ್ಯಾಪ್ಟನ್ ಉಗುರು ಕಚ್ಚತೊಡಗಿದ. ಅವಳು ಮಕ್ಕಳ ಬೆನ್ನನ್ನೇ ನೋಡುತ್ತಿದ್ದಳು. ಇನ್ನೇನು ಒಂದು ಮಗು ಎದ್ದು ಓಡುತ್ತದೆ, ಇನ್ನೇನು ಅಜ್ಜಿ ಕೋಲು ಕುಟ್ಟುತ್ತಾರೆ. ಅಷ್ಟರಲ್ಲಿ ಜಮಖಾನದ ಮೇಲಿನಿಂದ ಒಂದು ಪಿಸುಮಾತು ಕೇಳಿತು: "ಇರುವೆ ನೋಡು." "ಎಲ್ಲಿ?" "ಅಲ್ಲಿ." "ಏಯ್, ಹುಳ! ಕಿವಿ ಮೇಲೆ ಹುಳ!" "ಶ್, ಮೆಲ್ಲಗೆ. ಬಿದ್ದುಹೋಗತ್ತೆ." ಮಕ್ಕಳೆಲ್ಲ ಉಸಿರು ಬಿಗಿಹಿಡಿದರು. ಹುಳು ಕಿವಿಯ ತುದಿಗೆ ಹತ್ತಿ, ರೆಕ್ಕೆ ಬಿಚ್ಚಿ ಹಾರಿತು. ಜೋಲಣ್ಣ ಎದ್ದು ಮನೆಗೆ ಹೋದ.

ದೀಪ ಹತ್ತಿತು. ಎಲ್ಲರ ಕಣ್ಣೂ ಅಜ್ಜಿಯ ಮೇಲೆ. ಅಜ್ಜಿ ಪರದೆಯನ್ನೇ ನೋಡುತ್ತಿದ್ದರು. ಕ್ಯಾಪ್ಟನ್ ತಡೆಯಲಾರದೆ, "ಅಮ್ಮಾ, ಆ ಜಾಗ ಉದ್ದ ಆಯ್ತು ಅನ್ನಿಸಿದ್ರೆ..." ಎಂದು ಶುರುಮಾಡಿದ. ಅಜ್ಜಿ ಕೈಯೆತ್ತಿ ಅವನ ಬಾಯಿ ಮುಚ್ಚಿಸಿದರು.

"ಗೋಡೆ ಹತ್ರದ್ದು ಬರೆದವರು ಯಾರು?"

ಡೈಲಾಗಮ್ಮ ಮುಂದೆ ಬಂದಳು. ಹೇಳಲು ಎಷ್ಟೋ ಇತ್ತು. ಆದರೂ "ನಮ್ಮಪ್ಪ" ಎಂದಷ್ಟೇ ಹೇಳಿ ಹಿಂದಿನ ಸಾಲಿಗೆ ಕೈ ತೋರಿಸಿದಳು.

ಅಜ್ಜಿ ಕಷ್ಟಪಟ್ಟು ತಿರುಗಿದರು. "ಹೌದೇನ್ರೀ? ಏನು ಮಾಡಿದ್ರಿ ನೀವು?"

ಅಪ್ಪ ಎದ್ದು ನಿಂತರು. ಇಷ್ಟು ಜನರ ಮುಂದೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. "ನಾ... ನಾ..." ಎಂದರು. ಮುಖ ಕೆಂಪಾಯಿತು. ಮುಂದಿನ ಸಾಲಿನಲ್ಲಿ ಯಾರೋ ಸಹಾಯ ಮಾಡಲು ಬಾಯಿ ತೆರೆದರು. ಅವಳ ನಾಲಿಗೆಯ ತುದಿಯಲ್ಲೂ ಇಡೀ ವಾಕ್ಯ ಬಂದು ಕೂತಿತ್ತು. ಹಲ್ಲು ಕಚ್ಚಿ ತಡೆದುಕೊಂಡಳು. ಅಜ್ಜಿ ಗಲ್ಲವನ್ನು ಕೋಲಿನ ಹಿಡಿಯ ಮೇಲೆ ಊರಿ, ಇವತ್ತು ತನಗೆ ಬೇರೇನೂ ಕೆಲಸವಿಲ್ಲ ಎನ್ನುವವರ ಹಾಗೆ ಕಾದರು. ಮಕ್ಕಳೂ ತಿರುಗಿ ಕೂತು ಕಾದರು. ಯಾರೂ ನಗಲಿಲ್ಲ.

"ನಾ... ನಾನು ಪುಟ... ತಿರುಗಿಸಲಿಲ್ಲ," ಎಂದರು ಅಪ್ಪ. "ಅವಳು... ನೋಡ್ತಾ ಇದ್ಳು."

ಅಜ್ಜಿಯ ಕಣ್ಣು ತುಂಬಿ ಬಂತು. "ನೋಡಿ," ಎಂದರು, "ಆ ಪುಟಕ್ಕೆ ಏನು ಬರೀಬೇಕು ಅಂತ ನನಗೆ ಹೊಳೀಲೇ ಇಲ್ಲ. ಯಾರಾದ್ರೂ ಪಕ್ಕದಲ್ಲಿ ಕೂತ್ಕೋತಾರೆ ಅನ್ನೋ ಧೈರ್ಯದ ಮೇಲೆ ಹಾಗೇ ಬಿಟ್ಟೆ. ಕೂತ್ರೋ ಇಲ್ವೋ ಅಂತ ಇಷ್ಟು ವರ್ಷ ಗೊತ್ತಾಗಿರಲಿಲ್ಲ. ಕೂತಿದ್ರಲ್ಲ, ದೊಡ್ಡ ಉಪಕಾರ ಆಯ್ತು ಸ್ವಾಮೀ." ಆಮೇಲೆ ಕ್ಯಾಪ್ಟನ್ ಕಡೆ ತಿರುಗಿ, "ಉಳಿದ ಪುಸ್ತಕಾನೂ ತಗೊಂಡು ಹೋಗಪ್ಪ. ಚಡ್ಡಿ ಗಿಡ್ಡಿ ಹಾಕಿಸ್ಬೇಡ" ಎಂದರು.

ಕೋಣೆಯಲ್ಲಿ ಗುಲ್ಲೋ ಗುಲ್ಲು. ಪೆನ್ಸಿಲ್ ಕುಣಿದೇಬಿಟ್ಟಳು. ಮಕ್ಕಳಿಗೆ ಈ ಷರತ್ತು ಗಿರತ್ತು ಏನೂ ಗೊತ್ತಿಲ್ಲ, "ಇನ್ನೊಂದು ಸಲ! ಇನ್ನೊಂದು ಸಲ!" ಎಂದು ಜಮಖಾನ ಬಡಿಯತೊಡಗಿದರು. ಕ್ಯಾಪ್ಟನ್ ಮತ್ತೆ ದೀಪ ಆರಿಸಿದ. ಅವಳು ಕತ್ತಲಲ್ಲಿ ತಡಕಾಡಿಕೊಂಡು ಹಿಂದಿನ ಸಾಲಿಗೆ ಹೋಗಿ, ಅಪ್ಪನ ಕಿವಿಯ ಹತ್ತಿರ ಬಾಗಿ, "ನನಗೆ ಬಂದಿದ್ದೆಲ್ಲ ನೀನು ಕೊಟ್ಟಿದ್ದಪ್ಪ" ಎಂದಳು. ಅಪ್ಪ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಛತ್ರಿಯನ್ನು ತೆಗೆದು ಕೆಳಗಿಟ್ಟರು. ಅವಳು ಕೂತಳು.